ಅರ್ಜಿ ಕೇಳದ ಪ್ರಶ್ನೆ

ಎಣ್ಣೆ ಬಾವಿಯಿಂದ ಎಣ್ಣೆಗಿಂತ ನೀರೇ ಹೆಚ್ಚು ಬರುತ್ತದೆ. ಹಳೆಯ ಬಾವಿಗಳಲ್ಲಿ ಒಂದು ಬ್ಯಾರಲ್ ಎಣ್ಣೆಯ ಜೊತೆ ಹತ್ತು ಬ್ಯಾರಲ್ ನೀರು ಮೇಲೆ ಬರುವುದು ಇಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಸಾಮಾನ್ಯ ಸಂಗತಿ. ಒಂದು ಬ್ಯಾರಲ್ ಅಂದರೆ ಸುಮಾರು 159 ಲೀಟರ್. ಕೋಟ್ಯಂತರ ವರ್ಷಗಳ ಹಿಂದೆ ಈ ನೆಲದ ಮೇಲೆ ಹರಡಿದ್ದ ಸಮುದ್ರಗಳ ನೀರು ಕಲ್ಲಿನ ಸಂದುಗಳಲ್ಲಿ ಸಿಕ್ಕಿಕೊಂಡು, ಸುತ್ತಲಿನ ಕಲ್ಲಿನಿಂದ ಇನ್ನಷ್ಟು ಉಪ್ಪು ಹೀರಿಕೊಂಡು ಕೂತಿರುತ್ತದೆ. ಎಣ್ಣೆಯನ್ನು ಎಳೆದರೆ ಅದೂ ಹಿಂದೆಯೇ ಬರುತ್ತದೆ.

ನನ್ನ ದುಡಿಮೆಯ ಬಹುಭಾಗ ಕಳೆದದ್ದು ಆ ನೀರನ್ನು ಅಳೆಯುವುದರಲ್ಲಿ. ಧಾರವಾಡದಲ್ಲಿ ಭೂವಿಜ್ಞಾನದ ಎಂಎಸ್ಸಿ ಮುಗಿಸಿ, ಮದುವೆಯಾಗಿ, 1980ರ ದಶಕದಲ್ಲಿ ಗಂಡನ ಜೊತೆ ಇಲ್ಲಿಗೆ ಬಂದ ನನಗೆ ಸಿಕ್ಕಿದ್ದು ನೀರು ಪರೀಕ್ಷಿಸುವ ಲ್ಯಾಬಿನ ಕೆಲಸ. ಬಾವಿಗಳಿಂದ ಪ್ಲಾಸ್ಟಿಕ್ ಬಾಟಲಿಗಳು ಬರುತ್ತಿದ್ದವು. ಮುಚ್ಚಳದ ಸುತ್ತ ಬಿಳಿ ಉಪ್ಪು ಗಟ್ಟಿಯಾಗಿರುತ್ತಿತ್ತು. ತೆರೆದರೆ ಕೊಳೆತ ಮೊಟ್ಟೆಯ ವಾಸನೆ, ಮೇಲೆ ಎಣ್ಣೆಯ ತೆಳು ಪೊರೆ. ಸಿಲ್ವರ್ ನೈಟ್ರೇಟ್ ಹನಿಹನಿಯಾಗಿ ಬಿಟ್ಟು, ಹಳದಿ ದ್ರಾವಣ ಇಟ್ಟಿಗೆಗೆಂಪಿಗೆ ತಿರುಗುವ ಗಳಿಗೆಯನ್ನು ಕಾದು ಕ್ಲೋರೈಡ್ ಲೆಕ್ಕ ಹಾಕುವುದು ಹಳೆಯ ವಿಧಾನ. ಕುಡಿಯುವ ನೀರಾದರೆ ನೇರವಾಗಿ ಅಳೆಯಬಹುದು. ಈ ನೀರನ್ನು ನೂರು ಪಾಲು, ಕೆಲವೊಮ್ಮೆ ಸಾವಿರ ಪಾಲು ತೆಳು ಮಾಡದೆ ಬ್ಯುರೆಟ್ಟಿನ ಹತ್ತಿರ ತರುವಂತಿಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಇದ್ದರೆ, ಇಲ್ಲಿ 200 ಗ್ರಾಂ ದಾಟಿದ್ದನ್ನು ನಾನು ಎಷ್ಟೋ ಸಲ ಬರೆದುಕೊಂಡಿದ್ದೇನೆ. ಅದರೊಳಗೆ ಬೇರಿಯಂ, ಸ್ಟ್ರಾಂಷಿಯಂ, ಬೆನ್ಜೀನ್, ತುಸು ರೇಡಿಯಂ ಕೂಡ ಇರುತ್ತವೆ. ಇಷ್ಟು ನೀರನ್ನು ಎಲ್ಲಿ ಇಡುವುದು ಎಂಬುದು ಎಣ್ಣೆ ತೆಗೆಯುವ ಕಸುಬಿನಷ್ಟೇ ಹಳೆಯ ಪ್ರಶ್ನೆ. ಅದಕ್ಕೆ ಕೊಟ್ಟ ಉತ್ತರಗಳ ಕತೆಯನ್ನು ಬರೆಯಬೇಕೆಂದು ಬಹಳ ದಿನಗಳಿಂದ ಮನಸ್ಸಿನಲ್ಲಿತ್ತು.

ಮೊದಲ ಉತ್ತರ ಹಳ್ಳ. ಒಕ್ಲಹೋಮಾದಲ್ಲಿ ವ್ಯಾಪಾರಕ್ಕೆ ಸಾಲುವಷ್ಟು ಎಣ್ಣೆ ಸಿಕ್ಕ ಮೊದಲ ಬಾವಿ 1897ರಲ್ಲಿ ಬಾರ್ಟಲ್ಸ್‌ವಿಲ್‌ನಲ್ಲಿ ಚಿಮ್ಮಿತು. 1905ರಲ್ಲಿ ಟಲ್ಸಾ ಹತ್ತಿರ ಗ್ಲೆನ್ ಪೂಲ್, 1912ರಲ್ಲಿ ಕುಶಿಂಗ್, 1926ರಲ್ಲಿ ಸೆಮಿನೋಲ್: ಒಂದೊಂದೂ ಆ ಕಾಲಕ್ಕೆ ಲೋಕವೇ ತಿರುಗಿ ನೋಡಿದ ಎಣ್ಣೆ ಪ್ರದೇಶ. ಎಣ್ಣೆಗೆ ತೊಟ್ಟಿ ಕಟ್ಟಿದರು, ಪೈಪು ಹಾಕಿದರು, ರೈಲು ತಂದರು. ಉಪ್ಪುನೀರಿಗೆ ಮಾತ್ರ ಹತ್ತಿರದ ಹಳ್ಳವೇ ದಾರಿಯಾಯಿತು. ಹಳ್ಳದ ಮೀನು ಸತ್ತು, ಕೆಳಗಿನ ಊರಿನ ದನಗಳು ನೀರು ಮುಟ್ಟದಾದಾಗ ಜಗಳಗಳು ಕೋರ್ಟಿಗೆ ಹೋದವು. ಆಗ ಎರಡನೆಯ ಉತ್ತರ ಬಂತು: ಗುಂಡಿ. ನೆಲ ಅಗೆದು ನೀರು ತುಂಬಿಸಿ, ಬಿಸಿಲಿಗೆ ಆರಿಹೋಗುತ್ತದೆ ಎಂದರು. ಆರಿದ್ದು ಸ್ವಲ್ಪ; ಹೆಚ್ಚಿನದು ಕೆಳಗೆ ಇಳಿಯಿತು. ಸುತ್ತಲಿನ ಮನೆಗಳ ಬಾವಿನೀರು ಉಪ್ಪಾಯಿತು.

ಆ ಗುಂಡಿಗಳ ಗುರುತು ಇನ್ನೂ ಉಳಿದಿದೆ. ಓಸೇಜ್ ಕೌಂಟಿಯ ಸ್ಕಿಯಾಟುಕ್ ಸರೋವರದ ದಂಡೆಯಲ್ಲಿ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯವರು 2001ರಿಂದ ಹಳೆಯ ಎಣ್ಣೆ ಜಾಗಗಳನ್ನು ಅಗೆದು, ಕೊರೆದು ಅಧ್ಯಯನ ಮಾಡಿದರು. ಉಪ್ಪುನೀರು ಬಿಟ್ಟು ದಶಕಗಳೇ ಕಳೆದಿದ್ದರೂ ಮರ ಸತ್ತ ಜಾಗದಲ್ಲಿ ಮರ ಬಂದಿರಲಿಲ್ಲ, ಮಣ್ಣು ಕೊಚ್ಚಿ ಕೊರಕಲು ಬಿದ್ದಿತ್ತು, ಕೆಳಗಿನ ಕಲ್ಲಿನಲ್ಲಿ ಉಪ್ಪು ಹಾಗೇ ಇತ್ತು. ನಾನು ಆ ಕಡೆ ಹೋದಾಗ ಯಾರೂ ವಿವರಿಸುವ ಅಗತ್ಯ ಬೀಳಲಿಲ್ಲ. ಅಥಣಿ ತಾಲ್ಲೂಕಿನ ಕೃಷ್ಣಾ ದಂಡೆಯವಳು ನಾನು. ಸವಳು ಹತ್ತಿದ ಹೊಲ ಹೇಗಿರುತ್ತದೆ ಎಂದು ಗೊತ್ತಿದೆ: ಮೇಲೆ ಬಿಳಿ ಪದರು, ಕೆಳಗೆ ಗಾಳಿಯಾಡದ ಬಿರುಸು ಮಣ್ಣು, ಬಿತ್ತಿದ್ದು ಮೊಳೆಯದ ಮೌನ. ನಮ್ಮಲ್ಲಿ ಕಬ್ಬಿಗೆ ಅಳತೆಮೀರಿ ಹಾಯಿಸಿದ ನೀರು ಅದನ್ನು ಮಾಡಿತು. ಇಲ್ಲಿ ಎಣ್ಣೆಯ ನೀರು ಮಾಡಿದೆ. ಟೆಕ್ಸಾಸ್ ರಾಜ್ಯ ಇಂಥ ಗುಂಡಿಗಳನ್ನು ರಾಜ್ಯದಾದ್ಯಂತ ನಿಷೇಧಿಸಿದ್ದು 1969ರ ಜನವರಿಯಿಂದ. ಅಷ್ಟು ತಡವಾಗಿ.

ಮೂರನೆಯ ಉತ್ತರವೇ ಬಾವಿ. ಬಂದಲ್ಲಿಗೇ ಕಳಿಸುವುದು. 1930ರ ದಶಕದಲ್ಲಿ ಟೆಕ್ಸಾಸ್, ಕ್ಯಾನ್ಸಸ್, ಒಕ್ಲಹೋಮಾಗಳಲ್ಲಿ ಅಲ್ಲಲ್ಲಿ ಇದು ಶುರುವಾಯಿತು. ಅದು ದೊಡ್ಡ ವ್ಯವಸ್ಥೆಯಾಗಿ ಬೆಳೆದದ್ದು ಪೂರ್ವ ಟೆಕ್ಸಾಸ್ ಎಣ್ಣೆ ಪ್ರದೇಶದಲ್ಲಿ. 1930ರ ಅಕ್ಟೋಬರಿನಲ್ಲಿ ಡೇಸಿ ಬ್ರಾಡ್‌ಫರ್ಡ್ ನಂಬರ್ 3 ಎಂಬ ಬಾವಿಯಲ್ಲಿ ಎಣ್ಣೆ ಬಂದ ಮೇಲೆ ಅಲ್ಲಿ 30,000ಕ್ಕೂ ಹೆಚ್ಚು ಬಾವಿ ಕೊರೆದರು. ಅಲ್ಲಿನ ಎಣ್ಣೆ ಇದ್ದದ್ದು ವುಡ್‌ಬೈನ್ ಎಂಬ ಮರಳುಗಲ್ಲಿನಲ್ಲಿ. ಅದನ್ನು ಮೇಲಕ್ಕೆ ದೂಡುತ್ತಿದ್ದದ್ದು ಅದೇ ಕಲ್ಲಿನಲ್ಲಿದ್ದ ನೀರಿನ ಒತ್ತಡ. ಎಲ್ಲರೂ ಒಟ್ಟಿಗೆ ಎಳೆದಾಗ ಒತ್ತಡ ಕುಸಿಯಿತು. ಜೊತೆಗೆ ಉಪ್ಪುನೀರು ಸಬೀನ್ ಮುಂತಾದ ನದಿಗಳನ್ನು ಸೇರತೊಡಗಿತು. ಎರಡೂ ಕೇಡಿಗೆ ಒಂದೇ ಮದ್ದು ಕಂಡಿತು: ನೀರನ್ನು ಶೋಧಿಸಿ ವುಡ್‌ಬೈನ್‌ಗೇ ಮರಳಿಸುವುದು. 1942ರಲ್ಲಿ ಅದಕ್ಕೆಂದೇ ಪೂರ್ವ ಟೆಕ್ಸಾಸ್ ಉಪ್ಪುನೀರು ವಿಲೇವಾರಿ ಕಂಪನಿ ಹುಟ್ಟಿತು. ಬಾವಿಗಳಿಂದ ನೀರು ಸಂಗ್ರಹಿಸಿ, ಪೈಪಿನಲ್ಲಿ ತಂದು, ಗಾಳಿಯಾಡಿಸಿ, ಕಬ್ಬಿಣದಂಶ ಇಳಿಸಿ, ಮತ್ತೆ ನೆಲದೊಳಗೆ ಬಿಟ್ಟರು. ನದಿ ತಿಳಿಯಾಯಿತು, ಎಣ್ಣೆ ಹೆಚ್ಚು ಕಾಲ ಬಂತು.

ಇದನ್ನು ನಾನು ಮೆಚ್ಚಿ ಹೇಳುತ್ತಿದ್ದೇನೆ. ಆ ಕಾಲದ ಇಂಜಿನಿಯರುಗಳು ಒಳ್ಳೆಯ ಕೆಲಸ ಮಾಡಿದರು. ಆದರೆ ಅವರ ಕೆಲಸದಲ್ಲಿದ್ದ ಒಂದು ಮುಖ್ಯ ಅಂಶ ಮುಂದಿನವರ ಕಣ್ಣು ತಪ್ಪಿತು. ಪೂರ್ವ ಟೆಕ್ಸಾಸಿನಲ್ಲಿ ನೀರು ಹೋದದ್ದು ತಾನು ಬಂದ ಪದರಿಗೇ. ಎಳೆದಷ್ಟರಲ್ಲಿ ಸ್ವಲ್ಪ ಮರಳಿಸಿದರು; ಒಳಗಿನ ಒತ್ತಡ ಮೊದಲಿದ್ದ ಮಟ್ಟ ಮೀರುವ ಪ್ರಶ್ನೆಯೇ ಇರಲಿಲ್ಲ. ಒಂದು ಪದರಿನ ನೀರನ್ನು ತೆಗೆದು, ಅದಕ್ಕಿಂತ ಆಳದ ಇನ್ನೊಂದು ಪದರಿಗೆ, ಯಾರೂ ಏನನ್ನೂ ಎಳೆಯದ ಪದರಿಗೆ ಸುರಿಯುವುದು ಬೇರೆಯೇ ಕೆಲಸ. ಅಲ್ಲಿ ತೆಗೆಯುವುದಿಲ್ಲ, ಸೇರಿಸುವುದು ಮಾತ್ರ. ಹೊರಗಿನಿಂದ ನೋಡಿದರೆ ಎರಡೂ ಬಾವಿಗಳು ಒಂದೇ ಥರ ಕಾಣುತ್ತವೆ. ಅದೇ ಕೇಸಿಂಗು (ಹೊರಗಿನ ಉಕ್ಕಿನ ಕೊಳವೆ), ಅದೇ ಟ್ಯೂಬಿಂಗು (ಅದರೊಳಗೆ ನೀರು ಇಳಿಯುವ ಕೊಳವೆ), ಅದೇ ಪಂಪು.

ಸೇರಿಸಿದರೆ ಏನಾಗುತ್ತದೆ ಎಂಬುದು 1960ರ ದಶಕದಲ್ಲೇ ಗೊತ್ತಾಯಿತು. ಗೊತ್ತಾದದ್ದು ಎಣ್ಣೆ ಬಾವಿಯಿಂದಲ್ಲ, ಸೇನೆಯ ಬಾವಿಯಿಂದ. ಕೊಲರಾಡೋದ ಡೆನ್ವರ್ ನಗರದ ಮಗ್ಗುಲಲ್ಲಿ ರಾಕಿ ಮೌಂಟನ್ ಆರ್ಸೆನಲ್ ಎಂಬ ರಾಸಾಯನಿಕ ಅಸ್ತ್ರಗಳ ಕಾರ್ಖಾನೆ ಇತ್ತು. ಅದರ ಕೊಳಕು ನೀರನ್ನು ಮೇಲಿನ ಗುಂಡಿಗಳಲ್ಲಿ ಇಟ್ಟಿದ್ದರಿಂದ ಸುತ್ತಲಿನ ರೈತರ ಬೆಳೆ ಸುಟ್ಟುಹೋಗಿತ್ತು. ಅದಕ್ಕಾಗಿ 1961ರಲ್ಲಿ 12,045 ಅಡಿ ಆಳದ, ಅಂದರೆ 3.6 ಕಿಲೋಮೀಟರಿಗೂ ಮಿಕ್ಕಿದ ಬಾವಿ ಕೊರೆದರು. ಮಣ್ಣು, ಮರಳುಗಲ್ಲು, ಸುಣ್ಣಗಲ್ಲು ಎಲ್ಲವನ್ನೂ ದಾಟಿ ಅದು ತಳದ ಅತಿ ಹಳೆಯ ಬಿರುಕುಗಲ್ಲನ್ನು ತಲುಪಿತ್ತು. 1962ರ ಮಾರ್ಚಿನಲ್ಲಿ ನೀರು ಬಿಡತೊಡಗಿದರು. ಏಪ್ರಿಲಿನಲ್ಲಿ ನೆಲ ಅದುರಿತು. ಡೆನ್ವರಿನ ಜನಕ್ಕೆ ಭೂಕಂಪ ಎಂದರೆ 1882ರದೊಂದು ಹಳೆಯ ನೆನಪು ಮಾತ್ರ. ಈಗ ತಿಂಗಳಿಗೆ ಹತ್ತಾರು ಸಣ್ಣ ನಡುಕಗಳು ದಾಖಲಾಗತೊಡಗಿದವು.

ಡೇವಿಡ್ ಇವಾನ್ಸ್ ಎಂಬ ಸ್ಥಳೀಯ ಭೂವಿಜ್ಞಾನಿ ಒಂದು ಸರಳ ಕೆಲಸ ಮಾಡಿದ. ತಿಂಗಳಿಗೆ ಬಾವಿಗೆ ಇಳಿದ ನೀರಿನ ಪ್ರಮಾಣವನ್ನು ಒಂದು ಸಾಲಿನಲ್ಲಿ, ಆ ತಿಂಗಳ ಭೂಕಂಪಗಳ ಸಂಖ್ಯೆಯನ್ನು ಅದರ ಮೇಲಿನ ಸಾಲಿನಲ್ಲಿ ಗೆರೆ ಹಾಕಿ ತೋರಿಸಿದ. ನೀರು ಹೆಚ್ಚಿದಾಗ ನಡುಕ ಹೆಚ್ಚಿತ್ತು, ನೀರು ನಿಲ್ಲಿಸಿದ ತಿಂಗಳುಗಳಲ್ಲಿ ತಗ್ಗಿತ್ತು. 1965ರ ನವೆಂಬರಿನಲ್ಲಿ ಅವನು ಇದನ್ನು ಬಹಿರಂಗವಾಗಿ ಹೇಳಿದ. 1966ರ ಫೆಬ್ರುವರಿಯಲ್ಲಿ ಸೇನೆ ಬಾವಿ ನಿಲ್ಲಿಸಿತು. ಅಷ್ಟರಲ್ಲಿ ಸುಮಾರು 165 ಮಿಲಿಯನ್ ಗ್ಯಾಲನ್, ಅಂದರೆ 60 ಕೋಟಿ ಲೀಟರಿಗೂ ಹೆಚ್ಚು ನೀರು ಒಳಗೆ ಹೋಗಿತ್ತು. ಎಲ್ಲಕ್ಕಿಂತ ದೊಡ್ಡ ಕಂಪನ ಬಂದದ್ದು ಬಾವಿ ನಿಂತು ಒಂದೂವರೆ ವರ್ಷದ ಮೇಲೆ, 1967ರ ಆಗಸ್ಟ್ 9ರಂದು. ನೀರು ಬಿಡುವುದು ನಿಂತರೂ ಒತ್ತಡ ಬಿರುಕುಗಳಗುಂಟ ಹೊರಕ್ಕೆ ಸಾಗುತ್ತಲೇ ಇತ್ತು.

ಅದೇ 1967ರ ಡಿಸೆಂಬರ್ 11ರ ನಸುಕಿನಲ್ಲಿ, ಗಂಟೆ ನಾಲ್ಕು ದಾಟಿ ಇಪ್ಪತ್ತೊಂದು ನಿಮಿಷಕ್ಕೆ, ನಮ್ಮ ಮನೆಯ ಜಂತಿಯ ಸಾಲಿನ ಹಿತ್ತಾಳೆ ಕೊಡಗಳು ಒಂದಕ್ಕೊಂದು ಬಡಿದುಕೊಂಡವು. ಅವ್ವ ನನ್ನನ್ನು ಕಂಬಳಿ ಸಮೇತ ಎತ್ತಿಕೊಂಡು ಅಂಗಳಕ್ಕೆ ಓಡಿದ್ದು ನನಗೆ ನೆನಪಿದೆ. ಕೊಯ್ನಾ ಭೂಕಂಪ. 6.3 ಪ್ರಮಾಣದ್ದು. ಸಾತಾರಾ ಜಿಲ್ಲೆಯ ಕೊಯ್ನಾನಗರ ನೆಲಕಚ್ಚಿತು, 170ಕ್ಕೂ ಹೆಚ್ಚು ಜನ ಸತ್ತರು. ಕೊಯ್ನಾ ನದಿ ಕರಾಡದಲ್ಲಿ ಕೃಷ್ಣೆಗೆ ಸೇರಿ ನಮ್ಮೂರ ಕಡೆ ಹರಿದು ಬರುವುದರಿಂದ ಅಲ್ಲಿನ ಕೊಯ್ನಾ ಅಣೆಕಟ್ಟು ಒಡೆದರೆ ಗತಿಯೇನು ಎಂದು ದಂಡೆಯ ಊರುಗಳೆಲ್ಲ ಬೆಳಗಿನತನಕ ಕಾದವು. ಅಣೆಕಟ್ಟು ಬಿರುಕು ಬಿಟ್ಟರೂ ನಿಂತಿತು. ಆ ಜಲಾಶಯ ತುಂಬತೊಡಗಿದ್ದು 1962ರ ಹೊತ್ತಿಗೆ. ಡೆನ್ವರಿನ ಬಾವಿಗೆ ನೀರು ಬಿಟ್ಟದ್ದೂ ಆಗಲೇ.

ಎರಡು ಕಡೆಯ ಭೂಕಂಪಗಳ ಹಿಂದಿನ ಕಾರಣ ಒಂದಕ್ಕೊಂದು ಹತ್ತಿರದ್ದು. ಭೂಮಿಯೊಳಗಿನ ಸ್ತರಭಂಗದ, ಅಂದರೆ ಕಲ್ಲು ಸೀಳಿ ಜಾರುವ ಬಿರುಕಿನ, ಎರಡು ಮುಖಗಳನ್ನು ಮೇಲಿನ ಕಲ್ಲಿನ ಭಾರ ಒತ್ತಿ ಹಿಡಿದಿರುತ್ತದೆ. ಆ ಒತ್ತುವಿಕೆಯ ಬಲದಿಂದಲೇ ಅವು ಜಾರದೆ ನಿಂತಿರುತ್ತವೆ. ಸಂದಿನಲ್ಲಿರುವ ನೀರಿನ ಒತ್ತಡ ಏರಿದರೆ ಅದು ಭಾರದ ಒಂದಂಶವನ್ನು ತಾನೇ ಹೊರುತ್ತದೆ. ಮುಖಗಳ ನಡುವಿನ ಹಿಡಿತ ಅಷ್ಟು ಸಡಿಲುತ್ತದೆ. ಬಹುಕಾಲದಿಂದ ಜಾರಲು ಸಿದ್ಧವಾಗಿ ನಿಂತಿದ್ದ ಸ್ತರಭಂಗಕ್ಕೆ ಅಷ್ಟೇ ಸಾಕು. ಎಂ. ಕಿಂಗ್ ಹಬರ್ಟ್ ಮತ್ತು ವಿಲಿಯಂ ರೂಬಿ ಎಂಬ ಭೂವಿಜ್ಞಾನಿಗಳು ಈ ತತ್ತ್ವವನ್ನು 1959ರಲ್ಲೇ ಬರೆದಿದ್ದರು. ಬೇಕಾಗುವುದು ಭಾರಿ ಒತ್ತಡವಲ್ಲ, ಸೂಕ್ತ ಜಾಗಕ್ಕೆ ತಲುಪುವ ಸಣ್ಣ ಒತ್ತಡ.

ಅದನ್ನು ಪ್ರಯೋಗ ಮಾಡಿಯೂ ನೋಡಿದರು. ಕೊಲರಾಡೋದ ರೇಂಜ್ಲಿ ಎಣ್ಣೆ ಪ್ರದೇಶದಲ್ಲಿ 1957ರಿಂದ ಎಣ್ಣೆ ದೂಡಲು ನೀರು ಬಿಡುತ್ತಿದ್ದರು, ಅಲ್ಲೂ ನೆಲ ನಡುಗುತ್ತಿತ್ತು. 1969ರಿಂದ 1973ರವರೆಗೆ ಭೂವೈಜ್ಞಾನಿಕ ಸಮೀಕ್ಷೆಯವರು ಅಲ್ಲಿನ ಬಾವಿಗಳಲ್ಲಿ ಒತ್ತಡವನ್ನು ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು. ಕಲ್ಲನ್ನು ಲ್ಯಾಬಿನಲ್ಲಿ ಪರೀಕ್ಷಿಸಿ, ಇಂತಿಷ್ಟು ಒತ್ತಡ ದಾಟಿದರೆ ಜಾರುತ್ತದೆ ಎಂದು ಲೆಕ್ಕ ಹಾಕಿದ್ದರು: 257 ಬಾರ್. ಅದನ್ನು ಮೀರಿದಾಗ ಭೂಕಂಪ ಬಂತು, ನೀರು ಹಿಂದೆಗೆದು ಇಳಿಸಿದಾಗ ನಿಂತಿತು. ಸಿ. ಬ್ಯಾರಿ ರೇಲಿ, ಜಾನ್ ಹೀಲಿ, ಜಾನ್ ಬ್ರೆಡೆಹೆಫ್ಟ್ 1976ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಅದೇ ವರ್ಷ ನಮ್ಮಲ್ಲಿ ಹರ್ಷ ಗುಪ್ತಾ ಮತ್ತು ಬಿ.ಕೆ. ರಸ್ತೋಗಿ ಅಣೆಕಟ್ಟು ಮತ್ತು ಭೂಕಂಪಗಳ ಮೇಲೆ ಪುಸ್ತಕ ತಂದರು. 1980ರ ದಶಕದ ಆರಂಭದಲ್ಲಿ ಧಾರವಾಡದ ನಮ್ಮ ಕ್ಲಾಸಿನಲ್ಲಿ ಸರ್ ಬೋರ್ಡಿನ ಎಡಕ್ಕೆ ಡೆನ್ವರ್, ಬಲಕ್ಕೆ ಕೊಯ್ನಾ ಬರೆದು ನಡುವೆ ನೀರಿನ ಒತ್ತಡದ ಸಮೀಕರಣ ಬರೆದಿದ್ದರು. ಪರೀಕ್ಷೆಗೆ ಖಂಡಿತ ಬರುವ ಪ್ರಶ್ನೆ ಅದು. ಇಷ್ಟನ್ನು ವಿವರವಾಗಿ ಹೇಳುತ್ತಿರುವುದಕ್ಕೆ ಕಾರಣ ಇದೆ: ಇದು ಗುಟ್ಟಿನ ವಿದ್ಯೆಯಾಗಿರಲಿಲ್ಲ. ಧಾರವಾಡದ ವಿದ್ಯಾರ್ಥಿಗಳಿಗೆ ಗೊತ್ತಿದ್ದ ಸಂಗತಿ.

ಡೆನ್ವರ್ ಆದ ಮೇಲೆ, ರೇಂಜ್ಲಿ ಪ್ರಯೋಗ ಮುಗಿದ ಮರುವರ್ಷ, ಕಾನೂನು ಬಂತು. 1974ರ ಡಿಸೆಂಬರಿನಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸುರಕ್ಷಿತ ಕುಡಿಯುವ ನೀರಿನ ಕಾಯಿದೆಗೆ ಸಹಿ ಹಾಕಿದರು. ನೆಲದೊಳಗೆ ದ್ರವ ಬಿಡಬೇಕಾದರೆ ಪರವಾನಗಿ ಅಥವಾ ನಿಯಮದ ಅನುಮತಿ ಬೇಕು ಎಂದು ಅದು ವಿಧಿಸಿತು. ಮುಂದೆ ನಿಯಮಗಳು ರೂಪುಗೊಂಡಾಗ ಬಾವಿಗಳನ್ನು ವರ್ಗಗಳಾಗಿ ವಿಂಗಡಿಸಿದರು. ಎಣ್ಣೆ-ಅನಿಲದ ನೀರು ಹೋಗುವ ಬಾವಿ ಎರಡನೆಯ ವರ್ಗ. ಈ ಕೆಲಸವನ್ನು ನೋಡಿಕೊಳ್ಳುವ ಅಧಿಕಾರವನ್ನು ಹೆಚ್ಚಿನ ಎಣ್ಣೆ ರಾಜ್ಯಗಳು ತಾವೇ ಪಡೆದುಕೊಂಡವು. ಈಗ ದೇಶದಲ್ಲಿ ಇಂಥ ಬಾವಿಗಳು ಸುಮಾರು 1,80,000 ಇವೆ. ಅವುಗಳಲ್ಲಿ ಐದರಲ್ಲೊಂದು ಭಾಗ ಕೇವಲ ವಿಲೇವಾರಿಗೆ. ಉಳಿದವುಗಳಲ್ಲಿ ಬಹುಪಾಲು ಎಣ್ಣೆ ದೂಡಲು.

ಆ ಪರವಾನಗಿಯ ಅರ್ಜಿ ಏನು ಕೇಳುತ್ತದೆ ಎಂಬುದನ್ನು ನಾನು ಬಲ್ಲೆ. ನಮ್ಮ ಲ್ಯಾಬಿನ ವರದಿ ಅದರ ಜೊತೆಗೇ ಹೋಗುತ್ತಿತ್ತು. ಲೀಟರಿಗೆ 10,000 ಮಿಲಿಗ್ರಾಂಗಿಂತ ಕಡಿಮೆ ಲವಣ ಇರುವ ಅಂತರ್ಜಲ ಎಷ್ಟು ಆಳದವರೆಗಿದೆ? ಅದರ ಕೆಳಗಿನವರೆಗೂ ಕೇಸಿಂಗ್ ಇಳಿಸಿ ಸಿಮೆಂಟ್ ಹಾಕಿದ್ದೀರಾ? ಟ್ಯೂಬಿಂಗಿನ ತುದಿಯಲ್ಲಿ ಸಂದು ಮುಚ್ಚುವ ಪ್ಯಾಕರ್ ಕೂರಿಸಿದ್ದೀರಾ? ಕಾಲು ಮೈಲಿ ತ್ರಿಜ್ಯದಲ್ಲಿ ಮುಚ್ಚದೆ ಬಿಟ್ಟ ಹಳೆಯ ಬಾವಿ ಇದೆಯೇ? ಐದು ವರ್ಷಕ್ಕೊಮ್ಮೆ ಟ್ಯೂಬಿಂಗಿಗೂ ಕೇಸಿಂಗಿಗೂ ನಡುವಿನ ಸಂದಿನಲ್ಲಿ ಒತ್ತಡ ಕಟ್ಟಿ, ಸೋರುವುದಿಲ್ಲ ಎಂದು ತೋರಿಸಬೇಕು. ಒಂದೊಂದು ಪ್ರಶ್ನೆಯ ಹಿಂದೆಯೂ ಆ ಹಳೆಯ ಹಳ್ಳ, ಗುಂಡಿ, ಉಪ್ಪಾದ ಮನೆಬಾವಿಗಳ ನೋವು ಇದೆ. ಆ ಕಾನೂನಿನಿಂದ ಎಷ್ಟೋ ಊರುಗಳ ಕುಡಿಯುವ ನೀರು ಉಳಿಯಿತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನೀರು ಮೇಲಕ್ಕೆ ಬರಬಾರದು ಎಂಬುದೇ ಅದರ ಇಡೀ ಚಿಂತೆ. ನೀರು ಕೆಳಗೆ ಹೋಗಿ ಏನು ಮಾಡುತ್ತದೆ ಎಂದು ಅರ್ಜಿ ಕೇಳಲಿಲ್ಲ. ಹತ್ತಿರದ ಸ್ತರಭಂಗ ನೀರಿನ ಒತ್ತಡಕ್ಕೆ ಜಾರೀತೇ, ತಳಗಲ್ಲಿಗೆ ಎಷ್ಟು ದೂರ, ಸುತ್ತಲಿನ ಎಲ್ಲ ಬಾವಿಗಳೂ ಸೇರಿ ಆ ಪದರಿನ ಒತ್ತಡವನ್ನು ಎಷ್ಟು ಏರಿಸಿವೆ ಎಂಬ ಪ್ರಶ್ನೆಗೆ ಎಣ್ಣೆ ನೀರಿನ ಅರ್ಜಿಯಲ್ಲಿ ಜಾಗವೇ ಇರಲಿಲ್ಲ. ಪ್ರತಿ ಬಾವಿಯನ್ನೂ ಒಂಟಿಯಾಗಿ ನೋಡಿ, ಸೋರದಿದ್ದರೆ ಪಾಸು ಎಂದರು. ಕೇಸಿಂಗ್ ಗಟ್ಟಿ ಇದ್ದರೆ ಬಾವಿ ಒಳ್ಳೆಯದು.

ನೆನಪಿಸುವವರು ಇರಲಿಲ್ಲವೆಂದೂ ಅಲ್ಲ. 1990ರಲ್ಲಿ ಕ್ರೇಗ್ ನಿಕೋಲ್ಸನ್ ಮತ್ತು ರಾಬರ್ಟ್ ವೆಸನ್ ಆಳದ ಬಾವಿಗಳಿಗೆ ನೀರು ಬಿಡುವುದರಿಂದ ಆಗುವ ಭೂಕಂಪದ ಅಪಾಯದ ಬಗ್ಗೆ ಭೂವೈಜ್ಞಾನಿಕ ಸಮೀಕ್ಷೆಯ ಪರವಾಗಿ ಒಂದು ವಿವರವಾದ ವರದಿ ಬರೆದರು. ಬರೆದದ್ದು ಯಾರಿಗೆ? ಈ ನಿಯಮಗಳನ್ನು ಮಾಡುವ ಪರಿಸರ ಸಂರಕ್ಷಣಾ ಸಂಸ್ಥೆಗೇ. ಕೊಲರಾಡೋದ ಪ್ಯಾರಡಾಕ್ಸ್ ಕಣಿವೆಯಲ್ಲಿ ನದಿಗೆ ಸೇರುವ ಉಪ್ಪುನೀರನ್ನು ತಡೆದು ಆಳಕ್ಕೆ ಬಿಡುವ ಸರ್ಕಾರಿ ಬಾವಿಯೊಂದಿತ್ತು. ಮೊದಲಿನಿಂದಲೇ ಸುತ್ತ ಭೂಕಂಪಮಾಪಕಗಳನ್ನಿಟ್ಟು, 2000ದ ಮೇ ತಿಂಗಳಲ್ಲಿ 4.3ರ ಕಂಪನ ಬಂದಾಗ ನೀರಿನ ಪ್ರಮಾಣ ತಗ್ಗಿಸಿದರು. ಮಾಡಬೇಕೆಂದರೆ ಹೀಗೆ ಮಾಡಬಹುದಿತ್ತು. ಆದರೆ ಎಣ್ಣೆ ಪ್ರದೇಶಗಳಲ್ಲಿ ಬಾವಿಗಳು ಸಾವಿರಗಟ್ಟಲೆ ಇದ್ದವು, ಭೂಕಂಪ ತೀರ ಅಪರೂಪವಾಗಿತ್ತು. ಆಗಲಿಲ್ಲ ಎನ್ನುವುದೇ ಆಗುವುದಿಲ್ಲ ಎಂಬ ನಂಬಿಕೆಯಾಗಿ ಗಟ್ಟಿಯಾಯಿತು.

ಒಕ್ಲಹೋಮಾದಲ್ಲಿ ನೀರಿನ ಹೆಚ್ಚಿನ ಪಾಲು ಹೋಗುವುದು ಅರ್ಬಕಲ್ ಎಂಬ ಪದರಿಗೆ. ಸುಮಾರು 50 ಕೋಟಿ ವರ್ಷ ಹಳೆಯ ಸುಣ್ಣಗಲ್ಲು, ಡಾಲಮೈಟು. ತುಂಬ ದಪ್ಪ, ತುಂಬ ಬಿರುಕು, ತುಂಬ ಪೊಳ್ಳು. ಅದರ ಗುಣ ಏನೆಂದರೆ ಪಂಪು ಹಾಕಬೇಕಾಗಿಯೇ ಇಲ್ಲ. ಬಾವಿಯ ಬಾಯಿಗೆ ಪೈಪು ತಿರುಗಿಸಿದರೆ ನೀರನ್ನು ತಾನೇ ಎಳೆದುಕೊಳ್ಳುತ್ತದೆ. ‘ಆನ್ ವ್ಯಾಕ್ಯೂಮ್ ಹೋಗ್ತದೆ’ ಎನ್ನುತ್ತಾರೆ ಇಲ್ಲಿ ಬಾವಿ ನೋಡಿಕೊಳ್ಳುವ ಪಂಪರ್‌ಗಳು. ಸ್ಯಾಂಪಲ್ ತರುತ್ತಿದ್ದ ಒಬ್ಬ ಹಿರಿಯ ಪಂಪರ್, ‘ಎಷ್ಟು ಕೊಟ್ಟರೂ ಬೇಡ ಅನ್ನುವುದಿಲ್ಲಮ್ಮ ಅದು’ ಎಂಬರ್ಥದ ಮಾತನ್ನು ಅಕ್ಕರೆಯಿಂದಲೇ ಹೇಳುತ್ತಿದ್ದ. ಮಾಪಕದಲ್ಲಿ ಒತ್ತಡ ಸೊನ್ನೆ. ಅರ್ಜಿಯ ದೃಷ್ಟಿಯಲ್ಲಿ ಇದಕ್ಕಿಂತ ಆದರ್ಶ ಬಾವಿ ಇಲ್ಲ. ಆದರೆ ಅರ್ಬಕಲ್‌ನ ಕೆಳಗೆ ಇರುವುದು ತಳಗಲ್ಲು, ಅದರಲ್ಲಿರುವುದು ಹಳೆಯ ಸ್ತರಭಂಗಗಳು. ಬಾವಿಯ ಬಾಯಿಯಲ್ಲಿ ಸೊನ್ನೆ ತೋರಿದರೂ ಎರಡು ಕಿಲೋಮೀಟರ್ ಕೆಳಗೆ ನೀರಿನ ಕಂಬದ ಭಾರವೇ ಒತ್ತಡ.

2000ದ ನಂತರ ಇಲ್ಲಿ ಎಣ್ಣೆ ತೆಗೆಯುವ ಹೊಸ ದಾರಿಯೊಂದು ರೂಢಿಗೆ ಬಂತು. ನೀರೇ ಹೆಚ್ಚಿದೆಯೆಂದು ಹಿಂದಿನವರು ಬಿಟ್ಟಿದ್ದ ಪದರುಗಳಲ್ಲಿ ಅಡ್ಡಕ್ಕೆ ಕೊರೆದು, ಮೊದಲು ನೀರನ್ನು ಎಳೆದೆಳೆದು ಹಾಕಿದರೆ ಆಮೇಲೆ ಎಣ್ಣೆ, ಅನಿಲ ಬಿಡುತ್ತವೆ. ಎಣ್ಣೆ ಬೆಲೆ ಏರಿದ್ದಾಗ ಅದು ಲಾಭದ ಮಾತಾಯಿತು. ಕೆಲವು ಪ್ರದೇಶಗಳಲ್ಲಿ ವಿಲೇವಾರಿಯಾಗುವ ನೀರಿನ ಪ್ರಮಾಣ ಐದರಿಂದ ಹತ್ತು ಪಟ್ಟು ಏರಿತು. ಇದನ್ನು ಸ್ಪಷ್ಟವಾಗಿ ಹೇಳಲೇಬೇಕು, ಏಕೆಂದರೆ ಊರಿನಿಂದ ಫೋನ್ ಮಾಡುವವರೂ, ಇಲ್ಲಿಯ ಪತ್ರಿಕೆಗಳೂ ‘ಫ್ರ್ಯಾಕಿಂಗ್‌ನಿಂದ ಭೂಕಂಪ’ ಎಂದು ಒಂದೇ ಉಸಿರಿನಲ್ಲಿ ಮುಗಿಸಿಬಿಡುತ್ತಾರೆ. ಒಕ್ಲಹೋಮಾದಲ್ಲಿ ಆಳಕ್ಕೆ ಹೋದ ನೀರಿನಲ್ಲಿ ಫ್ರ್ಯಾಕಿಂಗ್‌ಗೆ, ಅಂದರೆ ಕಲ್ಲೊಡೆಯಲು, ಬಳಸಿದ ನೀರಿನ ಪಾಲು ಬಹಳ ಸಣ್ಣದು. ಬಹುಪಾಲು, ನಾನು ಬಾಟಲಿಗಳಲ್ಲಿ ನೋಡುತ್ತಿದ್ದ ಆ ಹಳೆಯ ಸಮುದ್ರದ ನೀರೇ.

2009ಕ್ಕೆ ಮುಂಚೆ ಈ ರಾಜ್ಯದಲ್ಲಿ 3 ಮತ್ತು ಅದಕ್ಕಿಂತ ಹೆಚ್ಚಿನ ಪ್ರಮಾಣದ ಭೂಕಂಪ ವರ್ಷಕ್ಕೆ ಸರಾಸರಿ ಎರಡು. 2015ರಲ್ಲಿ 900 ದಾಟಿತು. ಆ ವರ್ಷ ಕ್ಯಾಲಿಫೋರ್ನಿಯಾಕ್ಕಿಂತ ಹೆಚ್ಚು ಸಲ ನಡುಗಿದ್ದು ಈ ಬಯಲು ನಾಡು.

2011ರ ನವೆಂಬರ್ 5ರ ಶನಿವಾರ ರಾತ್ರಿ ಹನ್ನೊಂದಕ್ಕೆ ಇನ್ನೇನು ಕೆಲ ನಿಮಿಷ ಇದೆ ಎನ್ನುವಾಗ ಪ್ರೇಗ್ ಎಂಬ ಸಣ್ಣ ಊರಿನ ಹತ್ತಿರ 5.7ರ ಭೂಕಂಪವಾಯಿತು. 14 ಮನೆಗಳು ಹಾಳಾದವು, ಇಬ್ಬರಿಗೆ ಗಾಯವಾಯಿತು, ಶಾನಿ ಊರಿನ ಸೇಂಟ್ ಗ್ರೆಗರೀಸ್ ವಿಶ್ವವಿದ್ಯಾಲಯದ ಹಳೆಯ ಕಟ್ಟಡದ ಗೋಪುರ ಕುಸಿಯಿತು. ನಮ್ಮ ಮನೆಯಲ್ಲಿ ಗೋಡೆಯ ಮೇಲಿನ ಫೋಟೋಗಳು ಬಿದ್ದವು. ಮರುದಿನ ಅವ್ವನಿಗೆ ಫೋನಿನಲ್ಲಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: ‘ಯವ್ವಾ, ಅಲ್ಲಿ ಹತ್ರ ಡ್ಯಾಮ್ ಏನರ ಕಟ್ಯಾರೇನ?’

ಶಾಲೆಯ ಮೆಟ್ಟಿಲು ಹತ್ತದವಳು. ಆದರೆ ಕೃಷ್ಣಾ ದಂಡೆಯಲ್ಲಿ ಬಾಳಿದವಳಿಗೆ ನೆಲ ನಡುಗಿದರೆ ನೀರನ್ನು ಕೇಳಬೇಕೆಂದು ಗೊತ್ತಿತ್ತು. ಇಲ್ಲಿ ಅದೇ ಪ್ರಶ್ನೆಯನ್ನು ಅಧಿಕೃತವಾಗಿ ಕೇಳುವುದಕ್ಕೆ ವರ್ಷಗಳು ಹಿಡಿದವು. ಕೇಟಿ ಕೆರಾನೆನ್ ಎಂಬ ಭೂಭೌತವಿಜ್ಞಾನಿ ಮತ್ತು ಅವರ ಸಂಗಡಿಗರು ಪ್ರೇಗ್ ಸುತ್ತ ಮಾಪಕಗಳನ್ನಿಟ್ಟು, 2013ರಲ್ಲಿ ಪ್ರಕಟಿಸಿದರು: ಅಲ್ಲಿ 1993ರಿಂದಲೇ ನೀರು ಬಿಡುತ್ತಿದ್ದರು; ಸ್ತರಭಂಗಗಳ ನಡುವೆ ಮುಚ್ಚಿದ ಜಾಗ ಅದು; ಆರಂಭದಲ್ಲಿ ಒತ್ತಡವೇ ಬೇಡವಾಗಿತ್ತು, ಬರಬರುತ್ತ ಪಂಪಿನ ಒತ್ತಡ ಏರಿಸಬೇಕಾಯಿತು; ಹದಿನೆಂಟು ವರ್ಷ ಕಳೆದು ಜಾರಿತು. ಸ್ವಾಭಾವಿಕ ಭೂಕಂಪವೆಂದು ವಾದಿಸಿದವರೂ ಇದ್ದರು, ಆ ವಾದ ರಾಜ್ಯದ ಕಚೇರಿಗಳಲ್ಲಿ ಹೆಚ್ಚು ಕಾಲ ಬಾಳಿತು. ಒಕ್ಲಹೋಮಾ ಭೂವೈಜ್ಞಾನಿಕ ಸಮೀಕ್ಷೆ, ಹೆಚ್ಚಿನ ಭೂಕಂಪಗಳಿಗೆ ವಿಲೇವಾರಿ ಬಾವಿಗಳೇ ಕಾರಣವಾಗಿರುವ ಸಂಭವ ಬಹಳ ಎಂದು ಒಪ್ಪಿ ಹೇಳಿಕೆ ಕೊಟ್ಟದ್ದು 2015ರ ಏಪ್ರಿಲಿನಲ್ಲಿ. ಡೇವಿಡ್ ಇವಾನ್ಸ್ ಎರಡು ಗೆರೆ ಎಳೆದು ತೋರಿಸಿ ಅಷ್ಟೊತ್ತಿಗೆ ಐವತ್ತು ವರ್ಷವಾಗಿತ್ತು. ಈ ಐವತ್ತು ವರ್ಷ ನನ್ನನ್ನು ಬಿಡದೆ ಕಾಡುತ್ತದೆ. ತಿಳಿಯದೆ ಆದದ್ದನ್ನು ಮನ್ನಿಸಬಹುದು. ಪಠ್ಯಪುಸ್ತಕದಲ್ಲಿದ್ದದ್ದನ್ನು ಅರ್ಜಿಯಲ್ಲಿ ಸೇರಿಸದ್ದಕ್ಕೆ ಯಾರು ಹೊಣೆ ಎಂದು ಯಾರೂ ಕೇಳಲೇ ಇಲ್ಲ.

ಎಣ್ಣೆ ಬಾವಿಗಳ ಮೇಲ್ವಿಚಾರಣೆಯ ಹೊಣೆ ಹೊತ್ತ ರಾಜ್ಯದ ಕಾರ್ಪೊರೇಷನ್ ಕಮಿಷನ್ ಆಮೇಲೆ ಬಾವಿಗಳ ತಳವನ್ನು ಪರೀಕ್ಷಿಸಿತು. ಎಷ್ಟೋ ಬಾವಿಗಳು ಅರ್ಬಕಲ್ ದಾಟಿ ತಳಗಲ್ಲಿಗೇ ತಾಗಿದ್ದವು. ಅವುಗಳ ಬುಡಕ್ಕೆ ಸಿಮೆಂಟ್ ತುಂಬಿ ಮೇಲಕ್ಕೆ ತರಿಸಿತು. 2016ರಲ್ಲಿ ಭೂಕಂಪದ ಪ್ರದೇಶಗಳಲ್ಲಿ ನೀರಿನ ಪ್ರಮಾಣವನ್ನು ಸುಮಾರು 40 ಪ್ರತಿಶತ ತಗ್ಗಿಸಲು ಹೇಳಿತು. ಎಣ್ಣೆ ಬೆಲೆ ಕುಸಿದದ್ದೂ ಅದಕ್ಕೆ ನೆರವಾಯಿತು. ಆದರೆ ಆ ಸೆಪ್ಟೆಂಬರ್ 3ರ ಬೆಳಿಗ್ಗೆ ಪಾನಿ ಊರಿನ ಬಳಿ 5.8ರ ಕಂಪನ ಬಂತು. ಈ ರಾಜ್ಯದಲ್ಲಿ ಅಳೆದವುಗಳಲ್ಲಿ ಅದೇ ದೊಡ್ಡದು. ಪಾನಿ ಮೂಲನಿವಾಸಿ ರಾಷ್ಟ್ರದ ಹಳೆಯ ಕಟ್ಟಡಗಳು ಬಿರುಕು ಬಿಟ್ಟವು. ಅಂದೇ 37 ವಿಲೇವಾರಿ ಬಾವಿಗಳನ್ನು ನಿಲ್ಲಿಸಲು ಆದೇಶ ಹೋಯಿತು. ನವೆಂಬರಿನಲ್ಲಿ ಕುಶಿಂಗ್‌ನಲ್ಲಿ 5.0. ಎಣ್ಣೆ ದಾಸ್ತಾನಿಡುವ ದೊಡ್ಡ ತೊಟ್ಟಿಗಳ ಸಾಲೇ ಇರುವ ಊರು ಅದು. ತೊಟ್ಟಿಗಳು ಉಳಿದವು, ಪೇಟೆಯ ಇಟ್ಟಿಗೆ ಗೋಡೆಗಳು ಉರುಳಿದವು. ಆ ಮೇಲೆ ನಡುಕ ಬಹಳಷ್ಟು ಇಳಿದಿದೆ. ನೀರು ತಗ್ಗಿಸಿದರೆ ತಗ್ಗುತ್ತದೆ ಎಂದು ರೇಂಜ್ಲಿಯಲ್ಲಿ ಕಂಡದ್ದೇ ಇಲ್ಲಿ ಇಡೀ ರಾಜ್ಯದ ಅಳತೆಯಲ್ಲಿ ಮತ್ತೆ ಕಂಡಿತು.

ಈಗ ಇದೇ ಕತೆ ಪಶ್ಚಿಮ ಟೆಕ್ಸಾಸಿನ ಪರ್ಮಿಯನ್ ಪ್ರದೇಶಕ್ಕೆ ಹೋಗಿದೆ. ಅಲ್ಲಿ ಎಣ್ಣೆಯ ಮೇಲ್ವಿಚಾರಣೆ 1891ರಲ್ಲಿ ರೈಲುಗಳಿಗಾಗಿ ಹುಟ್ಟಿದ ರೈಲ್‌ರೋಡ್ ಕಮಿಷನ್ನಿನದು. 2014ರ ನವೆಂಬರಿನಲ್ಲಿ ಆ ಕಮಿಷನ್ ತನ್ನ ನಿಯಮ ತಿದ್ದಿ, ಬಾವಿಯ ಸುತ್ತ 100 ಚದರ ಮೈಲಿಯಲ್ಲಿ ಆಗಿರುವ ಭೂಕಂಪಗಳ ಪಟ್ಟಿಯನ್ನು ಅರ್ಜಿಯ ಜೊತೆ ಕೊಡಬೇಕೆಂದಿತು. 2022ರ ನವೆಂಬರಿನಲ್ಲಿ ಮೆಂಟೋನ್ ಹತ್ತಿರ 5ನ್ನು ಮೀರಿದ ಭೂಕಂಪವಾದ ಮೇಲೆ ಆಳದ ಬಾವಿಗಳ ಮೇಲೆ ಕಡಿವಾಣ ಬಿತ್ತು. ನೀರು ಮಾತ್ರ ಕಡಿಮೆಯಾಗಲಿಲ್ಲ. ಅದನ್ನು ಮೇಲಿನ ಪದರುಗಳಿಗೆ ತಿರುಗಿಸಿದರು. ಮೇಲಿನ ಪದರುಗಳಲ್ಲಿ ನೂರು ವರ್ಷದಿಂದ ಕೊರೆದು ಬಿಟ್ಟ ಹಳೆಯ ಬಾವಿಗಳಿವೆ. ಅದಕ್ಕೂ ಮುಂಚೆ, 2022ರ ಜನವರಿಯಲ್ಲೇ ಕ್ರೇನ್ ಕೌಂಟಿಯಲ್ಲಿ ಅಂಥ ಒಂದು ಬಾವಿಯಿಂದ ಉಪ್ಪುನೀರು ಆಕಾಶಕ್ಕೆ ಚಿಮ್ಮಿ ದಿನಗಟ್ಟಲೆ ಸುರಿಯಿತು. ಹೀಗೆ ಆಳಕ್ಕೆ ಬಿಟ್ಟರೆ ನಡುಕ, ಮೇಲೆ ಬಿಟ್ಟರೆ ಮತ್ತೆ ಹೊಲಕ್ಕೆ ಉಪ್ಪು.

2025ರ ಜೂನ್ 1ರಿಂದ ಆ ಕಮಿಷನ್ ಪರ್ಮಿಯನ್ ಪ್ರದೇಶದ ಹೊಸ ವಿಲೇವಾರಿ ಬಾವಿಗಳಿಗೆ ಬೇರೆ ನಿಬಂಧನೆ ತಂದಿದೆ. ಹಳೆಯ ಬಾವಿಗಳನ್ನು ಹುಡುಕಬೇಕಾದ ತ್ರಿಜ್ಯ ಕಾಲು ಮೈಲಿಯಿಂದ ಅರ್ಧ ಮೈಲಿಯಾಗಿದೆ. ದಿನಕ್ಕೆ ಎಷ್ಟು ನೀರು ಬಿಡಬಹುದು ಎಂಬುದನ್ನು ಆ ಪದರಿನಲ್ಲಿ ಈಗಾಗಲೇ ಇರುವ ಒತ್ತಡವನ್ನು ನೋಡಿ ನಿಗದಿ ಮಾಡುತ್ತಾರೆ. ನಿವೃತ್ತಳಾಗಿದ್ದರೂ ಆ ನಿಬಂಧನೆಯನ್ನು ನಾನು ಮೊದಲಿನಿಂದ ಕೊನೆಯವರೆಗೆ ಓದಿದೆ. ಕೆಳಗಿನ ಕಲ್ಲಿನ ಒತ್ತಡ ಎಷ್ಟಿದೆ ಎಂದು ಕೊನೆಗೂ ಕೇಳುತ್ತಿದ್ದಾರೆ, ಒಂದು ಪ್ರದೇಶಕ್ಕೆ, ಹೊಸ ಬಾವಿಗಳಿಗೆ. ಈಗಾಗಲೇ ನೀರು ಕುಡಿಯುತ್ತಿರುವ ಹಳೆಯ ಬಾವಿಗಳನ್ನೂ ಅದೇ ಪ್ರಶ್ನೆ ಕೇಳಬೇಕು. ಒಕ್ಲಹೋಮಾದಲ್ಲೂ, ಕ್ಯಾನ್ಸಸ್‌ನಲ್ಲೂ, ಒಂದೊಂದನ್ನೂ ಅದರ ನೆರೆಯ ಬಾವಿಗಳ ಜೊತೆಗೂಡಿಸಿ.